ಡಿಸ್ಕ್ ತಿರುಗುತ್ತಿದೆ, ಫರ್ಮ್‌ವೇರ್‌ಗೆ ಕಾಣುತ್ತಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಏಸಸ್ ಕೆಜಿಪಿಇ-ಡಿ16 ಹಳೆಯ ಸರ್ವರ್ ಬೋರ್ಡ್. ಆದರೂ ಮುಕ್ತ ಫರ್ಮ್‌ವೇರ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಬೇಕು ಎನ್ನುವವರು ಇಂದಿಗೂ ಅದನ್ನೇ ಹುಡುಕಿ ಕೊಳ್ಳುತ್ತಾರೆ. ಎರಡು ಆಪ್ಟೆರಾನ್ ಪ್ರೊಸೆಸರ್ ಮತ್ತು 16 ಮೆಮೊರಿ ಸ್ಲಾಟ್ ಇವೆ. ಪ್ರೊಸೆಸರ್ ಒಳಗೆ ಬಳಕೆದಾರರ ಕೈಗೆ ಸಿಗದ ಇನ್ನೊಂದು ಪ್ರೊಸೆಸರ್ ಇಲ್ಲ. 2015ರಲ್ಲಿ ರಾಪ್ಟರ್ ಇಂಜಿನಿಯರಿಂಗ್ ಸಂಸ್ಥೆ ಈ ಬೋರ್ಡನ್ನು ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಯೋಜನೆಗೆ ಸೇರಿಸಿತು. ಈ ಸಲ ಬಂದ ಪ್ರಶ್ನೆಗಳೆಲ್ಲ ಈ ಬೋರ್ಡಿನವೇ, ದೂರೂ ಒಂದೇ: ಡಿಸ್ಕ್ ಕಾಣುತ್ತಿಲ್ಲ.

ಉತ್ತರಗಳಿಗೆ ಮೊದಲು ಒಂದು ವಿಷಯ ಗೊತ್ತಿರಲಿ. ಕೋರ್‌ಬೂಟ್ ತಾನಾಗಿ ಡಿಸ್ಕ್ ಓದುವುದಿಲ್ಲ. ಮೆಮೊರಿ, ಪಿಸಿಐ, ಸಾಟಾ ಕಂಟ್ರೋಲರ್‌ಗಳನ್ನು ಸಿದ್ಧಪಡಿಸಿ ಮುಂದಿನ ಕೆಲಸವನ್ನು ಪೇಲೋಡ್‌ಗೆ ಒಪ್ಪಿಸುತ್ತದೆ. ಆ ಪೇಲೋಡ್ ಸೀಬಯಾಸ್ ಇರಬಹುದು, ಗ್ರಬ್ ಇರಬಹುದು, ಪುಟ್ಟ ಲಿನಕ್ಸ್ ಕರ್ನಲ್ಲೇ ಇರಬಹುದು. ಡಿಸ್ಕ್ ಹುಡುಕಲು ಪ್ರತಿಯೊಂದಕ್ಕೂ ಅದರದೇ ಡ್ರೈವರ್ ಬೇಕು. ಹಾಗಾಗಿ ಡಿಸ್ಕ್ ಯಾರಿಗೆ ಕಾಣುತ್ತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಿ. ಅಲ್ಲಿ ಡಿಸ್ಕ್ ಕಂಡರೆ ತೊಂದರೆ ಫರ್ಮ್‌ವೇರ್‌ನಲ್ಲಿದೆ. ಅಲ್ಲೂ ಕಾಣದಿದ್ದರೆ ಕೇಬಲ್, ವಿದ್ಯುತ್, ಕಂಟ್ರೋಲರ್ ಕಡೆ ನೋಡಬೇಕು.

ಪ್ರಶ್ನೆ: ಬೋರ್ಡಿನ ಸಾಟಾ ಪೋರ್ಟ್‌ಗಳಿಗೆ ನಾಲ್ಕು ಹಾರ್ಡ್ ಡಿಸ್ಕ್ ಹಾಕಿದ್ದೇನೆ. ಹಳೆಯ ಲಿಬ್ರೆಬೂಟ್ (ಕೋರ್‌ಬೂಟ್‌ನಿಂದ ಕಟ್ಟಿದ ಫರ್ಮ್‌ವೇರ್), ಸೀಬಯಾಸ್ ಪೇಲೋಡ್. ಒಮ್ಮೆ ನಾಲ್ಕೂ ಕಾಣುತ್ತವೆ, ಒಮ್ಮೆ ಎರಡು, ಒಮ್ಮೊಮ್ಮೆ ಒಂದೂ ಇಲ್ಲ. ಕಂಪನಿಯ ಬಯಾಸ್ ಚಿಪ್ ಹಾಕಿದರೆ ಯಾವಾಗಲೂ ನಾಲ್ಕು ಸಿಗುತ್ತವೆ. ಬೋರ್ಡ್ ಕೆಟ್ಟಿದೆಯೇ? — ಓದುಗರು, ಮೈಸೂರು

ಉತ್ತರ: ಕೆಟ್ಟಿಲ್ಲ. ಈ ಬೋರ್ಡಿನ ಸೌತ್‌ಬ್ರಿಜ್, ಅಂದರೆ ಸಾಟಾ ಕಂಟ್ರೋಲರ್ ಇರುವ ಚಿಪ್, ಎಎಂಡಿ ಎಸ್‌ಪಿ5100. ಎಎಚ್‌ಸಿಐ (ಸಾಟಾ ಡಿಸ್ಕ್‌ಗಳ ಜೊತೆ ಮಾತನಾಡುವ ಈಗಿನ ವಿಧಾನ) ಮೋಡ್‌ನಲ್ಲಿ ಸೀಬಯಾಸ್ ಇದರ ಡಿಸ್ಕ್‌ಗಳನ್ನು ಆಗಾಗ ತಪ್ಪಿಸಿಕೊಳ್ಳುವುದು ಗೊತ್ತಿರುವ ದೋಷ. ಡಿಸ್ಕ್ ಹೆಚ್ಚಾದಷ್ಟೂ ತಪ್ಪುವ ಸಂಭವ ಹೆಚ್ಚು. ಪವರ್ ಬಂದ ಕೂಡಲೇ ಕಂಟ್ರೋಲರ್ ತೋರಿಸುವ ಪೋರ್ಟ್ ಸ್ಥಿತಿಯನ್ನು ನಂಬುವಂತಿರುವುದಿಲ್ಲ. ಸೀಬಯಾಸ್ ಪ್ರತಿ ಪೋರ್ಟ್‌ನಲ್ಲಿ ಲಿಂಕ್‌ಗಾಗಿ ಕಾಯುವುದು ಬರೀ 10 ಮಿಲಿಸೆಕೆಂಡ್. ಅಷ್ಟರಲ್ಲಿ ಲಿಂಕ್ ಏಳದಿದ್ದರೆ ಆ ಪೋರ್ಟ್ ಖಾಲಿ ಎಂದು ಮುಂದೆ ಹೋಗುತ್ತದೆ. ಆಮೇಲೆ ಕೋರ್‌ಬೂಟ್‌ನಲ್ಲೇ ಇದಕ್ಕೆ ಪರಿಹಾರ ಸೇರಿತು: ಶುರುವಿನಲ್ಲಿ ಸಾಟಾ ಕಂಟ್ರೋಲರನ್ನು ರೀಸೆಟ್ ಮಾಡಿ ಪೋರ್ಟ್‌ಗಳ ನಿಜಸ್ಥಿತಿ ತಿಳಿದುಕೊಂಡು, ಬೇಕಾದರೆ ಲಿಂಕ್‌ಗೆ ಮತ್ತೆ ಪ್ರಯತ್ನಿಸುವುದು. ನಿಮ್ಮ ರಾಮ್ (ROM, ಚಿಪ್‌ಗೆ ಬರೆದ ಫರ್ಮ್‌ವೇರ್; ಮೆಮೊರಿಯಲ್ಲ) ಈ ತಿದ್ದುಪಡಿಗಿಂತ ಹಳೆಯದಿರಬೇಕು.

ಆದರೂ ಖಚಿತ ಮಾಡಿಕೊಳ್ಳದೆ ಚಿಪ್‌ಗೆ ಕೈಹಾಕಬೇಡಿ. ಪೂರ್ತಿ ಪವರ್ ತೆಗೆದು ಬೂಟ್ ಮಾಡಿ, ಆಮೇಲೆ ಬರೀ ರೀಸೆಟ್ ಒತ್ತಿ ಬೂಟ್ ಮಾಡಿ. ಎರಡನ್ನೂ ಕೆಲವು ಸಲ ಮಾಡಿ ಯಾವ ಪೋರ್ಟ್ ತಪ್ಪಿತು ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಬೇರೆ ಬೇರೆ ಪೋರ್ಟ್ ತಪ್ಪುತ್ತಿದ್ದರೆ ಮೇಲೆ ಹೇಳಿದ ದೋಷವೇ. ಯಾವಾಗಲೂ ಅದೇ ಪೋರ್ಟ್ ತಪ್ಪುತ್ತಿದ್ದರೆ ಕೇಬಲ್ ಬದಲಿಸಿ ನೋಡಿ.

ನಂತರ ಲಾಗ್ ನೋಡಿ. ಹಿಂಬದಿಯ ಸೀರಿಯಲ್ ಪೋರ್ಟ್‌ಗೆ ನಲ್ ಮೋಡೆಮ್ ಕೇಬಲ್ ಹಾಕಿ 115200 ವೇಗದಲ್ಲಿ ಓದಬಹುದು. ಇಲ್ಲವೇ ಲಿನಕ್ಸ್ ಬೂಟ್ ಆದ ಮೇಲೆ ಕೋರ್‌ಬೂಟ್‌ನ ಜೊತೆಗೇ ಬರುವ ಸಿಬಿಮೆಮ್ ಉಪಕರಣದಿಂದ ಕನ್ಸೋಲ್ ತೆಗೆಯಬಹುದು. ಸೀಬಯಾಸ್‌ನ ಡೀಬಗ್ ಮಟ್ಟ ಸಾಮಾನ್ಯವಾಗಿ 1 ಇರುತ್ತದೆ. ಪ್ರತಿ ಪೋರ್ಟ್‌ನ ‘ಲಿಂಕ್ ಅಪ್’, ‘ಲಿಂಕ್ ಡೌನ್’ ಸಾಲುಗಳು ಬರಬೇಕಾದರೆ ಅದು 2 ಅಥವಾ ಹೆಚ್ಚು ಇರಬೇಕು, ಅಂದರೆ ಮತ್ತೆ ಬಿಲ್ಡ್ ಮಾಡಬೇಕು.

ಲಿನಕ್ಸ್ ಕರ್ನಲ್ ಲಾಗ್‌ನಲ್ಲಿ ಪ್ರತಿ ಸಾಟಾ ಪೋರ್ಟ್‌ನ ಎದುರು ‘ಎಸ್‌ಸ್ಟೇಟಸ್’ ಎಂಬ ಸಂಖ್ಯೆ ಇರುತ್ತದೆ. ಬಹಳ ಉಪಯೋಗದ ಸಂಖ್ಯೆ ಇದು. 0 ಇದ್ದರೆ ಪೋರ್ಟ್‌ನಲ್ಲಿ ಏನೂ ಸಿಕ್ಕಿಲ್ಲ. 1 ಇದ್ದರೆ ಡಿಸ್ಕ್ ಇದೆ, ಆದರೆ ಮಾತುಕತೆ ಆರಂಭವಾಗಿಲ್ಲ. 123 ಇದ್ದರೆ 3 ಗಿಗಾಬಿಟ್ ಲಿಂಕ್ ಸರಿಯಾಗಿದೆ. ಎಸ್‌ಪಿ5100ರ ಗರಿಷ್ಠ ವೇಗ ಅಷ್ಟೇ. 113 ಎಂದರೆ ಲಿಂಕ್ 1.5 ಗಿಗಾಬಿಟ್‌ಗೆ ಇಳಿದಿದೆ. 3 ಗಿಗಾಬಿಟ್ ಡಿಸ್ಕ್ ಮೇಲಿಂದ ಮೇಲೆ 113 ತೋರಿಸಿದರೆ ಕೇಬಲನ್ನು ಅನುಮಾನಿಸಿ.

ಸೆಟ್ಟಿಂಗ್ ಕೂಡ ನೋಡಿ. ಈ ಬೋರ್ಡಿನ ಕೋರ್‌ಬೂಟ್‌ಗೆ ಬಯಾಸ್ ಮೆನು ಇಲ್ಲ, ಆಯ್ಕೆಗಳನ್ನು ಲಿನಕ್ಸ್‌ನಲ್ಲಿ ಎನ್‌ವಿರಾಮ್‌ಟೂಲ್ (nvramtool) ಎಂಬ ಉಪಕರಣದಿಂದ ಬದಲಿಸಬೇಕು. ಸಾಟಾ ಎಎಚ್‌ಸಿಐ ಮೋಡ್ ‘ಎನೇಬಲ್’ ಇರಲಿ, ಎಎಲ್‌ಪಿಎಂ ಎಂಬ ವಿದ್ಯುತ್ ಉಳಿತಾಯದ ಆಯ್ಕೆ ‘ಡಿಸೇಬಲ್’ ಇರಲಿ. ಲಿನಕ್ಸ್‌ನ ಎಲ್‌ಎಸ್‌ಪಿಸಿಐ (lspci) ಆದೇಶದಲ್ಲಿ ಕಂಟ್ರೋಲರ್ ಐಡಿ 1002:4391 ಬಂದರೆ ಎಎಚ್‌ಸಿಐ, 1002:4390 ಬಂದರೆ ಹಳೆಯ ಐಡಿಇ ಮೋಡ್. ಬೋರ್ಡಿನ ಸಿಆರ್2032 ಬ್ಯಾಟರಿ ಸೋತಿದ್ದರೆ ನೀವು ಬದಲಿಸಿದ ಆಯ್ಕೆ ಉಳಿಯುವುದಿಲ್ಲ.

ಬೂಟ್ ಮೆನು ಕಾಯುವ ಸಮಯ ಹೆಚ್ಚಿಸಿ ಎಂಬ ಸಲಹೆ ನಿಮಗೆ ಸಿಗಬಹುದು. ಅದರಿಂದ ಪ್ರಯೋಜನವಿಲ್ಲ. ಮೆನು ಬರುವಷ್ಟರಲ್ಲಿ ಪೋರ್ಟ್‌ಗಳ ತಪಾಸಣೆ ನಡೆದುಹೋಗಿರುತ್ತದೆ.

ಹೊಸ ರಾಮ್ ಆರಿಸುವಾಗ ಎಚ್ಚರ. ಕೋರ್‌ಬೂಟ್ ಮೂಲ ಯೋಜನೆಯಲ್ಲಿ ಈ ಬೋರ್ಡ್ ಇರುವ ಕೊನೆಯ ಆವೃತ್ತಿ 2019ರ 4.11. ಕೋಡ್ ಹೊಸ ನಿಯಮಗಳಿಗೆ ಹೊಂದಲಿಲ್ಲವೆಂದು 4.12ರಲ್ಲಿ ತೆಗೆದುಹಾಕಿದರು. ಆದ್ದರಿಂದ ಇತ್ತೀಚಿನ ಕೋರ್‌ಬೂಟ್ ಇಳಿಸಿಕೊಂಡರೆ ಅದರಲ್ಲಿ ನಿಮ್ಮ ಬೋರ್ಡಿನ ಹೆಸರೇ ಇರುವುದಿಲ್ಲ. 4.11ರ ಮೇಲೆ ಕಟ್ಟಿದ ರಾಮ್ ಬಳಸಿ, ಅಥವಾ ಪೋಲೆಂಡ್‌ನ 3ಎಂಡೆಬ್ ಸಂಸ್ಥೆಯವರ ದಶಾರೋ ಎಂಬ ಕೋರ್‌ಬೂಟ್ ಆಧಾರಿತ ಫರ್ಮ್‌ವೇರ್ ನೋಡಿ. ರಾಮ್ ಬದಲಿಸುವ ತನಕ ಬೂಟ್ ವಿಭಾಗವನ್ನು ಒಂದು ಸಣ್ಣ ಎಸ್‌ಎಸ್‌ಡಿಗೆ ಅಥವಾ ಪೆನ್‌ಡ್ರೈವ್‌ಗೆ ಹಾಕಿ. ಕರ್ನಲ್ ಶುರುವಾದರೆ ಸಾಕು, ಅದು ಉಳಿದ ಡಿಸ್ಕ್‌ಗಳ ಲಿಂಕನ್ನು ತಾನೇ ಹೊಸದಾಗಿ ಎಬ್ಬಿಸುತ್ತದೆ.

ಪ್ರಶ್ನೆ: ಎಂಟು ಸ್ಯಾಸ್ (ಸರ್ವರ್‌ಗಳಲ್ಲಿ ಬಳಸುವ) ಡಿಸ್ಕ್‌ಗಳಿಗೆಂದು ಪೈಕ್ 2008 ಎಂಬ ಕಂಟ್ರೋಲರ್ ಕಾರ್ಡ್ ಹಾಕಿದೆ. ಸೀಬಯಾಸ್ ಅಲ್ಲೇ ನಿಂತುಬಿಡುತ್ತದೆ. ಕಾರ್ಡ್ ತೆಗೆದರೆ ಸರಿ. — ಓದುಗರು, ಹುಬ್ಬಳ್ಳಿ

ಉತ್ತರ: ನಿಲ್ಲುವುದು ಕಾರ್ಡಿನ ಆಪ್ಷನ್ ರಾಮ್‌ನಿಂದ, ಅಂದರೆ ಬೂಟ್ ವೇಳೆ ಓಡಲೆಂದು ಕಾರ್ಡಿನಲ್ಲೇ ಇರುವ ಪುಟ್ಟ ಪ್ರೋಗ್ರಾಂನಿಂದ. ಪೈಕ್ 2008ರಲ್ಲಿರುವುದು ಎಲ್‌ಎಸ್‌ಐ ಸ್ಯಾಸ್2008 ಚಿಪ್, ಪಿಸಿಐ ಐಡಿ 1000:0072. ಸಿಕ್ಕ ಆಪ್ಷನ್ ರಾಮ್‌ಗಳನ್ನೆಲ್ಲ ಓಡಿಸುವುದು ಸೀಬಯಾಸ್‌ನ ಪದ್ಧತಿ, ಆದರೆ ಈ ಕಾರ್ಡಿನ ರಾಮ್ ಈ ಬೋರ್ಡಿನಲ್ಲಿ ವಾಪಸ್ ಬರುವುದಿಲ್ಲ.

ಸುಲಭ ದಾರಿ ಹೀಗಿದೆ. ಕಾರ್ಡಿನ ರಾಮ್ ಓದುವ ಮೊದಲು ಸೀಬಯಾಸ್ ಫ್ಲ್ಯಾಶ್ ಚಿಪ್‌ನ ಸಿಬಿಎಫ್‌ಎಸ್ (ಕೋರ್‌ಬೂಟ್ ತನ್ನ ಕಡತಗಳನ್ನು ಇಡುವ ಜಾಗ) ಭಾಗದಲ್ಲಿ ಅದೇ ಐಡಿಯ ಕಡತ ಇದೆಯೇ ಎಂದು ನೋಡುತ್ತದೆ. ಇದ್ದರೆ ಕಾರ್ಡಿನದನ್ನು ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತದೆ. ಆದ್ದರಿಂದ ಸಿಬಿಎಫ್‌ಎಸ್‌ಟೂಲ್ ಬಳಸಿ ಒಂದು ಖಾಲಿ ಕಡತ ಸೇರಿಸಿ. ಪ್ರಕಾರ ‘ರಾ’ ಇರಲಿ. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಪಿಸಿಐ, ಅದಕ್ಕೆ ತಾಗಿ 1000, ಅಲ್ಪವಿರಾಮ, 0072, ಚುಕ್ಕೆ, ರಾಮ್; ಅಂದರೆ pci1000,0072.rom. ನಡುವೆ ಎಲ್ಲೂ ಜಾಗ ಬಿಡಬಾರದು. ನಿಮ್ಮ ಕಾರ್ಡಿನ ಐಡಿ ಬೇರೆ ಇದ್ದರೆ ಎಲ್‌ಎಸ್‌ಪಿಸಿಐ ತೋರಿಸುವುದನ್ನೇ ಬರೆಯಿರಿ. ಇನ್ನೊಂದು ದಾರಿಯೆಂದರೆ ಸೀಬಯಾಸ್‌ನ ‘ಪಿಸಿಐ-ಆಪ್ಷನ್‌ರಾಮ್-ಎಕ್ಸೆಕ್’ ಮೌಲ್ಯವನ್ನು 2ರಿಂದ 1ಕ್ಕೆ ಇಳಿಸುವುದು. ಆಗ ವಿಜಿಎ ರಾಮ್ ಮಾತ್ರ ಓಡುತ್ತದೆ. 0 ಮಾಡಿದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದವರಿಗೆ ಪರದೆಯೂ ಹೋಗುತ್ತದೆ.

ಇದರಿಂದ ಸರ್ವರ್ ಮುಂದೆ ಸಾಗುತ್ತದೆ, ಆದರೆ ಸ್ಯಾಸ್ ಡಿಸ್ಕ್‌ನಿಂದ ನೇರ ಬೂಟ್ ಆಗುವುದಿಲ್ಲ. ಈ ಚಿಪ್‌ಗೆ ಸೀಬಯಾಸ್‌ನಲ್ಲೂ ಗ್ರಬ್‌ನಲ್ಲೂ ಸ್ವಂತ ಡ್ರೈವರ್ ಇಲ್ಲ. ಬೂಟ್ ವಿಭಾಗಕ್ಕೆ ಸಾಟಾ ಎಸ್‌ಎಸ್‌ಡಿಯಲ್ಲಿ 1 ಜಿಬಿ ಸಾಕು, ರೂಟ್ ಸ್ಯಾಸ್ ಡಿಸ್ಕ್‌ಗಳ ಮೇಲೆ ಇರಲಿ. ಕರ್ನಲ್ ಜೊತೆ ಮೊದಲಿಗೇ ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ (initramfs) ಒಳಗೆ ಎಂಪಿಟಿ3ಸ್ಯಾಸ್ ಮಾಡ್ಯೂಲ್ ಇರಲೇಬೇಕು. ಹಳೆಯ ಎಂಪಿಟಿ2ಸ್ಯಾಸ್ ಈಗ ಅದರಲ್ಲೇ ಸೇರಿದೆ. ಸ್ಯಾಸ್‌ನಿಂದಲೇ ಬೂಟ್ ಆಗಬೇಕೆಂದರೆ ಹೆಡ್ಸ್‌ನಂಥ ಲಿನಕ್ಸ್ ಪೇಲೋಡ್ ಬೇಕು, ಅದರ ಕರ್ನಲ್‌ನಲ್ಲೂ ಈ ಡ್ರೈವರ್ ಇರಬೇಕು. ಬೋರ್ಡಿನ ಜೊತೆ ಬಂದ 2 ಎಂಬಿ ಫ್ಲ್ಯಾಶ್ ಚಿಪ್‌ನಲ್ಲಿ ಅದು ಹಿಡಿಸುವುದಿಲ್ಲ. ಚಿಪ್ ಡಿಐಪಿ-8 ಸಾಕೆಟ್‌ನಲ್ಲಿ ಇರುವುದರಿಂದ 16 ಎಂಬಿಯದನ್ನು ಬೆಸುಗೆಯಿಲ್ಲದೆ ಹಾಕಬಹುದು.

ಬೋರ್ಡಿನ ಎಂಟು ಸ್ಯಾಸ್ ಪೋರ್ಟ್‌ಗಳು ನೋಡಲು ಸಾಟಾ ಪೋರ್ಟ್‌ಗಳ ಹಾಗೇ ಇವೆ. ಪೈಕ್ ಕಾರ್ಡ್ ಇಲ್ಲದಿದ್ದರೆ ಆ ಎಂಟಕ್ಕೂ ಜೀವವಿಲ್ಲ. ಆಗ ಎಸ್‌ಪಿ5100ಗೆ ಸೇರಿದ ಆರು ಪೋರ್ಟ್‌ಗಳಷ್ಟೇ ನಿಮಗೆ ಉಳಿಯುವುದು.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ ಬಳಸಿದ ಸ್ಯಾಸ್ ಡಿಸ್ಕ್‌ಗಳನ್ನೂ ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳನ್ನು ನೇರ ಕೂರಿಸುವ ಹಲಗೆ) ಇರುವ 2ಯು ಸರ್ವರ್ ಕ್ಯಾಬಿನೆಟ್ಟನ್ನೂ ಕೊಂಡೆ. ಎಸ್‌ಎಫ್‌ಎಫ್-8087 ಕೇಬಲ್‌ನಿಂದ ಬ್ಯಾಕ್‌ಪ್ಲೇನನ್ನು ಬೋರ್ಡಿನ ಸಾಟಾ ಪೋರ್ಟ್‌ಗಳಿಗೆ ಜೋಡಿಸಿದ್ದೇನೆ. ಲಿನಕ್ಸ್‌ಗೂ ಏನೂ ಕಾಣುತ್ತಿಲ್ಲ. — ಓದುಗರು, ಬೆಂಗಳೂರು

ಉತ್ತರ: ಇದರಲ್ಲಿ ಫರ್ಮ್‌ವೇರ್‌ನ ತಪ್ಪು ಏನೂ ಇಲ್ಲ. ಸ್ಯಾಸ್ ಕಂಟ್ರೋಲರ್ ಸಾಟಾ ಡಿಸ್ಕನ್ನು ಓದುತ್ತದೆ, ಸಾಟಾ ಕಂಟ್ರೋಲರ್ ಸ್ಯಾಸ್ ಡಿಸ್ಕನ್ನು ಓದುವುದಿಲ್ಲ. ಸಾಮಾನ್ಯ ಸಾಟಾ ಕೇಬಲ್ ಸ್ಯಾಸ್ ಡಿಸ್ಕ್‌ಗೆ ಕೂರುವುದೇ ಇಲ್ಲ, ಹಾಗಾಗಿ ತಪ್ಪು ಕೂಡಲೇ ತಿಳಿಯುತ್ತದೆ. ಬ್ಯಾಕ್‌ಪ್ಲೇನ್‌ನಲ್ಲಿ ಎರಡೂ ಕೂರುವುದರಿಂದ ಜನ ಏಮಾರುತ್ತಾರೆ. ಈ ಡಿಸ್ಕ್‌ಗಳಿಗೆ ನೀವು ಪೈಕ್ ಕಾರ್ಡ್ ಅಥವಾ ಬೇರೆ ಸ್ಯಾಸ್ ಕಾರ್ಡ್ ಹಾಕಲೇಬೇಕು.

ಕೇಬಲ್‌ನಲ್ಲೂ ಎರಡು ಜಾತಿ ಇವೆ, ನೋಡಲು ಒಂದೇ ಥರ. ಕಾರ್ಡ್ ಕಡೆ ಎಸ್‌ಎಫ್‌ಎಫ್-8087 (ನಾಲ್ಕು ಲಿಂಕ್ ಒಟ್ಟಿಗೆ ಒಯ್ಯುವ ಕನೆಕ್ಟರ್), ಡಿಸ್ಕ್ ಕಡೆ ನಾಲ್ಕು ಸಾಟಾ ತುದಿ ಇರುವುದು ಫಾರ್ವರ್ಡ್ ಬ್ರೇಕೌಟ್. ಬೋರ್ಡ್ ಕಡೆ ನಾಲ್ಕು ತುದಿ, ಬ್ಯಾಕ್‌ಪ್ಲೇನ್ ಕಡೆ ಎಸ್‌ಎಫ್‌ಎಫ್-8087 ಇರುವುದು ರಿವರ್ಸ್ ಬ್ರೇಕೌಟ್. ಒಳಗಿನ ತಂತಿಗಳ ಜೋಡಣೆ ಬೇರೆ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ನಡೆಯದು. ಈ ಬೋರ್ಡಿನ ಬಿಡಿ ಪೋರ್ಟ್‌ಗಳಿಂದ ಬ್ಯಾಕ್‌ಪ್ಲೇನ್‌ಗೆ ಹೋಗಲು ರಿವರ್ಸ್ ಬೇಕು. ಅಂಗಡಿಯಲ್ಲಿ ಬಿಡಿಸಿ ಕೇಳಿ, ಹೇಳದಿದ್ದರೆ ಫಾರ್ವರ್ಡ್ ಕೊಡುವುದೇ ಹೆಚ್ಚು.

ಇಷ್ಟಾದ ಮೇಲೆ ಡಿಸ್ಕ್ ಹೆಸರು ಬಂದು ಗಾತ್ರ ಸೊನ್ನೆ ತೋರಿಸಬಹುದು. ಕರ್ನಲ್ ಲಾಗ್‌ನಲ್ಲಿ ಸೆಕ್ಟರ್ ಗಾತ್ರ 520ಕ್ಕೆ ಬೆಂಬಲವಿಲ್ಲ ಎಂಬ ಸಾಲು ಇದ್ದರೆ, ಅದು ಸ್ಟೋರೇಜ್ ಅರೇಯಿಂದ ಬಿಚ್ಚಿದ ಡಿಸ್ಕ್. ಎಸ್‌ಜಿ3-ಯುಟಿಲ್ಸ್‌ನ ಎಸ್‌ಜಿ_ಫಾರ್ಮ್ಯಾಟ್‌ನಲ್ಲಿ ಗಾತ್ರ 512 ಎಂದು ಕೊಟ್ಟು ಫಾರ್ಮ್ಯಾಟ್ ಮಾಡಿ. ಇದ್ದ ಡೇಟಾ ಪೂರ್ತಿ ಹೋಗುತ್ತದೆ. ದೊಡ್ಡ ಡಿಸ್ಕ್‌ಗೆ ಹಲವು ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಮೊದಲಿಂದ ಮಾಡಬೇಕು. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಡಿಸ್ಕ್ ತಿರುಗುವುದೇ ಇಲ್ಲವೆಂದರೆ ಪವರ್ ಕನೆಕ್ಟರ್‌ನ 3ನೇ ಪಿನ್ ನೋಡಬೇಕು. ಹೊಸ ಎಂಟರ್‌ಪ್ರೈಸ್ ಡಿಸ್ಕ್‌ಗಳಲ್ಲಿ ಆ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆರಿಯೇ ಇರುತ್ತದೆ, ಹಳೆಯ ಪವರ್ ಸಪ್ಲೈಗಳು ಅಲ್ಲಿಗೆ ಅದನ್ನೇ ಕೊಡುತ್ತವೆ. ನಾಲ್ಕು ಪಿನ್‌ನ ಮೊಲೆಕ್ಸ್‌ನಿಂದ ಸಾಟಾಗೆ ಬರುವ ಅಡಾಪ್ಟರ್‌ನಲ್ಲಿ 3.3 ವೋಲ್ಟ್ ತಂತಿ ಇರುವುದಿಲ್ಲವಾದ್ದರಿಂದ ಡಿಸ್ಕ್ ಏಳುತ್ತದೆ.

ಪ್ರಶ್ನೆ: ಗ್ರಬ್ ಪೇಲೋಡ್ ಹಾಕಿದ ಮೇಲೆ ‘ಎಚ್‌ಡಿ0 ಎಂಬ ಸಾಧನ ಇಲ್ಲ’ ಎನ್ನುತ್ತದೆ. — ಓದುಗರು, ಮಂಗಳೂರು

ಉತ್ತರ: ಡಿಸ್ಕ್ ಇದೆ, ಹೆಸರು ಬೇರೆ. ಎಚ್‌ಡಿ0 ಎಂಬುದು ಬಯಾಸ್ ಕೊಡುವ ಹೆಸರು. ಕೋರ್‌ಬೂಟ್ ಮೇಲೆ ಬಯಾಸ್ ಇಲ್ಲದೆ ನಿಂತ ಗ್ರಬ್ ತನ್ನದೇ ಡ್ರೈವರ್ ಬಳಸುವುದರಿಂದ ಮೊದಲ ಸಾಟಾ ಡಿಸ್ಕ್ ಎಎಚ್‌ಸಿಐ0 ಆಗುತ್ತದೆ, ಪೆನ್‌ಡ್ರೈವ್ ಯುಎಸ್‌ಬಿ0 ಆಗುತ್ತದೆ. ಗ್ರಬ್‌ನಲ್ಲಿ ‘ಸಿ’ ಒತ್ತಿ ಎಲ್‌ಎಸ್ ಕೊಡಿ, ಏನಿದೆ ಎಂದು ತಿಳಿಯುತ್ತದೆ. ಸಂರಚನಾ ಕಡತದಲ್ಲಿ ಸಾಧನದ ಹೆಸರು ಬರೆಯುವ ಬದಲು ಯುಯುಐಡಿಯಿಂದ ಹುಡುಕುವ ಸರ್ಚ್ ಆದೇಶ ಬಳಸಿದರೆ ಡಿಸ್ಕನ್ನು ಬೇರೆ ಪೋರ್ಟ್‌ಗೆ ಹಾಕಿದರೂ ತೊಂದರೆಯಿಲ್ಲ. ಡಿಸ್ಕ್ ಕಂಡು ವಿಭಾಗ ಕಾಣದಿದ್ದರೆ ಎಲ್‌ವಿಎಂ ಅಥವಾ ಎಂಡಿರೈಡ್ (ಲಿನಕ್ಸ್ ಡಿಸ್ಕ್‌ಗಳನ್ನು ಕೂಡಿಸಿ ಬಳಸುವ ವ್ಯವಸ್ಥೆಗಳು) ಮಾಡ್ಯೂಲನ್ನು ಪೇಲೋಡ್ ಒಳಗೆ ಸೇರಿಸದೆ ಇರಬಹುದು.

ಪ್ರಶ್ನೆ: ಹೊಸ ರಾಮ್ ಬರೆದು ಬೋರ್ಡ್ ಏಳದಿದ್ದರೆ? — ಓದುಗರು, ಶಿವಮೊಗ್ಗ

ಉತ್ತರ: ಮೂಲ ಚಿಪ್‌ನ ಮೇಲೆ ಬರೆಯಲೇಬೇಡಿ. ಅದನ್ನು ಬಿಚ್ಚಿ ಗುರುತು ಹಾಕಿ ಇಟ್ಟುಕೊಂಡು, ಇನ್ನೊಂದು ಡಿಐಪಿ-8 ಚಿಪ್‌ನಲ್ಲಿ ಪ್ರಯೋಗ ಮಾಡಿ. ಬಿಚ್ಚುವ ಮೊದಲು ಪವರ್ ಕೇಬಲನ್ನೇ ಕಿತ್ತಿಡಿ, ಸ್ಟ್ಯಾಂಡ್‌ಬೈ ವಿದ್ಯುತ್ ಇರುವಾಗ ಚಿಪ್ ಮುಟ್ಟಬಾರದು. ಮೂಲ ಚಿಪ್‌ನ ಪ್ರತಿಯನ್ನು ಫ್ಲ್ಯಾಶ್‌ರಾಮ್ (flashrom) ಎಂಬ ಉಪಕರಣದಿಂದ ಎರಡು ಸಲ ಓದಿ, ಎರಡರ ಚೆಕ್‌ಸಮ್ ಒಂದೇ ಬಂದರೆ ಮಾತ್ರ ನಂಬಿ. ಹೊಸ ಚಿಪ್ ಹಾಕುವಾಗ ಅದರ ಒಂದು ಅಂಚಿನ ಕಚ್ಚು ಸಾಕೆಟ್‌ನ ಕಚ್ಚು ಇರುವ ಕಡೆಗೇ ಇರಲಿ. ತಿರುಗಿಸಿ ಹಾಕಿ ಪವರ್ ಕೊಟ್ಟರೆ ಚಿಪ್ ಸುಡಬಹುದು.