ಸೋರ್ಸ್ ಕೋಡ್ ಕೊಡದೆ ಲಿನಕ್ಸ್‌ನಲ್ಲಿ ಉಚಿತವಾಗಿ ಹಂಚಬಹುದೇ?

ಪ್ರಶ್ನೆ: ಲೆಕ್ಕಪತ್ರ ಇಡುವುದಕ್ಕೆ ನೆರವಾಗುವ ಚಿಕ್ಕ ತಂತ್ರಾಂಶವೊಂದನ್ನು ಲಿನಕ್ಸ್‌ಗಾಗಿ ಬರೆದಿದ್ದೇನೆ. ಅದನ್ನು ಹಣ ಪಡೆಯದೆ ಎಲ್ಲರಿಗೂ ಕೊಡುವ ಮನಸ್ಸಿದೆ, ಆದರೆ ಸೋರ್ಸ್ ಕೋಡ್ ಬಿಟ್ಟುಕೊಡಲು ಸದ್ಯಕ್ಕೆ ಇಷ್ಟವಿಲ್ಲ. ಹಂಚುವವರು ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯಲ್ಲಿ ಲಿನಕ್ಸ್ ಇರುವುದರಿಂದ ಹೀಗೆ ಹಂಚುವುದು ತಪ್ಪಾಗುತ್ತದೆಯೇ?

ಉತ್ತರ: ತಪ್ಪಾಗುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಜಿಪಿಎಲ್‌ನ 2ನೆಯ ಆವೃತ್ತಿಯಲ್ಲಿರುವುದು ನಿಜವಾದರೂ, ಸಾಮಾನ್ಯ ಸಿಸ್ಟಂ ಕಾಲ್‌ಗಳ ಮೂಲಕ ಅದರ ಸೇವೆ ಪಡೆಯುವ ಪ್ರೋಗ್ರಾಂಗೆ ಆ ಪರವಾನಗಿ ಅನ್ವಯಿಸುವುದಿಲ್ಲವೆಂದು ಕರ್ನಲ್‌ನ ಪರವಾನಗಿಯ ಜೊತೆಯಲ್ಲೇ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ.

ತೊಡಕು ಬರುವುದು ಲೈಬ್ರರಿಗಳಿಂದ, ಅಂದರೆ ನಿಮ್ಮ ಪ್ರೋಗ್ರಾಂ ಬಳಸಿಕೊಳ್ಳುವ ಬೇರೆಯವರ ಸಿದ್ಧ ಕೋಡ್‌ನಿಂದ. ಟರ್ಮಿನಲ್‌ನಲ್ಲಿ ಎಲ್‌ಡಿಡಿ (ldd) ಎಂಬ ಕಮಾಂಡ್‌ನ ಮುಂದೆ ನಿಮ್ಮ ಬೈನರಿಯ (ಓಡಿಸುವ ಕಡತದ) ಹೆಸರು ಕೊಟ್ಟು ನೋಡಿ. ಅದು ನೆಚ್ಚಿಕೊಂಡಿರುವ ಲೈಬ್ರರಿಗಳು ಸಾಲಿಗೊಂದರಂತೆ ಕಾಣಿಸುತ್ತವೆ. ಅವುಗಳಲ್ಲಿ ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್‌ನಲ್ಲಿರುವುದರಿಂದ ಡೈನಮಿಕ್ ಆಗಿ (ಓಡುವಾಗಷ್ಟೇ ಜೋಡಿಕೊಳ್ಳುವಂತೆ) ಲಿಂಕ್ ಮಾಡಿದರೆ ನಿಮ್ಮ ಕೋಡ್ ಮುಚ್ಚಿಯೇ ಇರಬಹುದು. ಆದರೆ ಎಲ್‌ಜಿಪಿಎಲ್ ಲೈಬ್ರರಿಯನ್ನು ನೀವೇ ಪ್ಯಾಕೇಜ್‌ನಲ್ಲಿ ಸೇರಿಸಿ ಕೊಡುವುದಾದರೆ ಅದರ ಸೋರ್ಸ್ ಒದಗಿಸುವ ಹೊಣೆ ನಿಮ್ಮದಾಗುತ್ತದೆ. ಬಳಕೆದಾರರು ಅದನ್ನು ತಿದ್ದಿ, ತಿದ್ದಿದ್ದರಲ್ಲಿ ದೋಷ ಹುಡುಕಲು ನಿಮ್ಮ ಪ್ರೋಗ್ರಾಂನ ಒಳಗನ್ನು ಬಿಡಿಸಿ ನೋಡುವುದಕ್ಕೂ ನಿಮ್ಮ ಷರತ್ತುಗಳು ಅಡ್ಡ ಬರುವಂತಿಲ್ಲ. ರಿವರ್ಸ್ ಎಂಜಿನಿಯರಿಂಗನ್ನು ಸಾರಾಸಗಟಾಗಿ ನಿಷೇಧಿಸುವ ಸಿದ್ಧ ಷರತ್ತುಗಳನ್ನು ಹಾಗೆಯೇ ಎತ್ತಿಕೊಳ್ಳುವವರು ಎಡವುವುದು ಇಲ್ಲಿಯೇ.

ಪಟ್ಟಿಯಲ್ಲಿ ರೀಡ್‌ಲೈನ್ ಕಂಡರೆ ಅಲ್ಲೇ ನಿಲ್ಲಿ. ಕಮಾಂಡ್ ಸಾಲನ್ನು ತಿದ್ದಲು ನೆರವಾಗುವ ಈ ಪುಟ್ಟ ಲೈಬ್ರರಿ ಎಲ್‌ಜಿಪಿಎಲ್‌ನಲ್ಲಿಲ್ಲ, ಪೂರ್ಣ ಜಿಪಿಎಲ್‌ನಲ್ಲಿದೆ. ಇದನ್ನು ಬಳಸಿಕೊಂಡ ಕಾರಣಕ್ಕೇ ಸಿಲಿಸ್ಪ್ ಎಂಬ ಲಿಸ್ಪ್ ತಂತ್ರಾಂಶ 1992ರಲ್ಲಿ ಜಿಪಿಎಲ್‌ಗೆ ಬದಲಾಗಬೇಕಾಯಿತು. ಕೋಡ್ ಮುಚ್ಚಿಡಲು ಅಡ್ಡಿಪಡಿಸದ ಬಿಎಸ್‌ಡಿ ಪರವಾನಗಿಯ ಲಿಬ್‌ಎಡಿಟ್ ಬಹುಪಾಲು ಅದೇ ಕೆಲಸ ಮಾಡುತ್ತದೆ. ಅದರ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ನಿಮ್ಮ ಪ್ಯಾಕೇಜ್‌ನಲ್ಲಿ ಉಳಿಸಿಕೊಂಡರೆ ಸಾಕು.

‘ಉಚಿತ’ ಎಂದಷ್ಟೇ ಬರೆದರೆ ಬೇರೆಯವರಿಗೆ ಮರುಹಂಚುವ ಅನುಮತಿ ಸಿಕ್ಕಂತಾಗುವುದಿಲ್ಲವಾದ್ದರಿಂದ ಅದನ್ನು ಬಾಯಿಬಿಟ್ಟು ಹೇಳಿ. ಕೋಡ್ ಮುಚ್ಚಿರುವುದರಿಂದ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮುಖ್ಯ ವಿಭಾಗ ನಿಮ್ಮದನ್ನು ಸೇರಿಸಿಕೊಳ್ಳುವುದಿಲ್ಲ. ಅದರ ನಾನ್-ಫ್ರೀ ವಿಭಾಗಕ್ಕೆ ಸೇರಬೇಕಾದರೂ ಈ ಅನುಮತಿ ಬೇಕೇಬೇಕು.

ಕನ್ನಡದಲ್ಲಿ ಹಣ ಕೇಳದ ‘ಉಚಿತ’ ಬೇರೆ, ಕೋಡ್ ತೆರೆದಿಟ್ಟ ‘ಮುಕ್ತ’ ಬೇರೆ. ನಿಮ್ಮ ತಂತ್ರಾಂಶ ಉಚಿತವಷ್ಟೇ ಎಂಬುದನ್ನು ಬಳಸುವವರಿಗೆ ಮೊದಲೇ ತಿಳಿಸಿಬಿಡಿ. ನನ್ನನ್ನು ನಿಜವಾಗಿ ಕಾಡುವುದು ಅವರು ಅದರೊಳಗೆ ತುಂಬುವ ಲೆಕ್ಕ. ನಾಳೆ ನೀವು ಇದನ್ನು ಕೈಬಿಟ್ಟರೆ ಕೋಡ್ ತೆರೆದು ಸರಿಪಡಿಸಲು ಯಾರಿಗೂ ಆಗುವುದಿಲ್ಲ; ಹಲವು ವರ್ಷಗಳ ಜಮಾಖರ್ಚು ಒಳಗೇ ಸಿಕ್ಕಿಬೀಳುತ್ತದೆ. ಕೋಡ್ ಮುಚ್ಚಿಡುವುದಾದರೂ ಕಡತದ ವಿನ್ಯಾಸವನ್ನು ವಿವರವಾಗಿ ಬರೆದು ಪ್ರಕಟಿಸಿ; ಎಲ್ಲ ನಮೂದುಗಳನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ರೂಪದಲ್ಲಿ ಹೊರತೆಗೆಯುವ ಗುಂಡಿಯೊಂದನ್ನು ಮೊದಲ ಆವೃತ್ತಿಯಲ್ಲಿಯೇ ಇಡಿ.