ಸ್ವಂತ ವೆಬ್‌ಸೈಟಿನಲ್ಲಿ ಹಪ್ಪಳ, ಚಟ್ನಿಪುಡಿ ಮಾರುವಾಗ ಗ್ರಾಹಕರ ಕಾರ್ಡ್ ವಿವರ ಕಾಪಾಡುವುದು ಹೇಗೆ?

ಕಾರ್ಡ್ ನಂಬರನ್ನು ನೀವು ಪಡೆಯಲೇಬೇಡಿ. ನಿಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು, ಅಲ್ವಾ?

ಇದಕ್ಕೆಂದೇ ರೇಜರ್‌ಪೇ, ಪೇಯು, ಕ್ಯಾಶ್‌ಫ್ರೀ ತರಹದ ಪೇಮೆಂಟ್ ಗೇಟ್‌ವೇಗಳಿವೆ. ಗ್ರಾಹಕರ ಬ್ಯಾಂಕಿಗೂ ನಿಮ್ಮ ಖಾತೆಗೂ ನಡುವೆ ನಿಂತು ಹಣ ದಾಟಿಸುವ ಕಂಪನಿಗಳು ಇವು. ಗ್ರಾಹಕರು ಹಣ ಕಟ್ಟುವ ಬಟನ್ ಒತ್ತಿದಾಗ ಗೇಟ್‌ವೇಯ ಪುಟ ತೆರೆದುಕೊಳ್ಳುತ್ತದೆ. ಕಾರ್ಡ್ ನಂಬರ್, ಒಟಿಪಿ ಎಲ್ಲ ನಿಮ್ಮ ವೆಬ್‌ಸೈಟಿನ ಹೊರಗೇ ಮುಗಿಯುತ್ತದೆ. ಹಣ ಬಂತೋ ಇಲ್ಲವೋ ಅನ್ನುವ ಸುದ್ದಿಯಷ್ಟೇ ನಿಮಗೆ ತಲುಪುತ್ತದೆ.

ಭಾರತದಲ್ಲಿ ಕಾರ್ಡ್ ನಂಬರ್ ಕೂಡಿಡುವ ಬಗ್ಗೆ ನಿಯಮವೂ ಇದೆ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಕಾರ್ಡ್ ನಂಬರ್ ಕೂಡಿಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮತ್ತೆ ಕೊಳ್ಳಲು ಬರುವವರಿಗಾಗಿ ಟೋಕನ್ ಅನ್ನುವ ಬದಲಿ ಸಂಖ್ಯೆ ಬಳಸಬಹುದು. ಅದು ಒಂದೇ ಅಂಗಡಿಗೆ ಹೊಂದುವ ಕೀಲಿಯಿದ್ದಂತೆ. ಕದ್ದರೂ ಬೇರೆ ಕಡೆ ನಡೆಯುವುದಿಲ್ಲ.

ಆದರೆ ಸಣ್ಣ ಮಾರಾಟಗಾರರು ಸ್ಕ್ರೀನ್‌ಶಾಟಿನಿಂದಲೂ ಏಟು ತಿನ್ನುತ್ತಾರೆ. 'ಹಣ ಕಳಿಸಿದ್ದೇನೆ' ಅನ್ನುವ ಚಿತ್ರವನ್ನು ಯಾರು ಬೇಕಾದರೂ ಮಾಡಬಹುದು. ಚಿತ್ರ ನೋಡಿ ಸುಮ್ನೆ ಪಾರ್ಸೆಲ್ ಕಳಿಸಬೇಡಿ. ಗೇಟ್‌ವೇಯ ನಿಮ್ಮ ಖಾತೆಯಲ್ಲೋ ಬ್ಯಾಂಕಿನಲ್ಲೋ ಹಣ ಕಂಡ ಮೇಲೇ ಕಳಿಸಿ. 'ಹಣ ಪಡೆಯಲು ಯುಪಿಐ ಪಿನ್ ಹಾಕಿ' ಎಂದು ಯಾರಾದರೂ ಕೇಳಿದರೆ ಅದು ಮೋಸವೇ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಬರುವ ಹಣಕ್ಕೆ ಪಿನ್ ಬೇಕಾಗುವುದೇ ಇಲ್ಲ.