ಆಂಟಿಸಿಪೇಟ್ ಅಂದ್ರೆ ಏನು? ಎಕ್ಸ್‌ಪೆಕ್ಟ್ ಬದಲು ಎಲ್ಲಾ ಕಡೆ ಹಾಕಬಹುದಾ?

ನೀವು ಕೇಳಿರೋದು ಎರಡು ವಿಷಯ, ಆಂಟಿಸಿಪೇಟ್‌ಗೂ ಎಕ್ಸ್‌ಪೆಕ್ಟ್‌ಗೂ ಏನು ವ್ಯತ್ಯಾಸ ಅಂತ, ಮತ್ತೆ ಮ್ಯಾನೇಜರ್‌ಗೆ ಮೇಲ್ ಹಾಕುವಾಗ "ಐ ಆಂಟಿಸಿಪೇಟ್ ಯು ಟು ರಿಪ್ಲೈ ಸೂನ್" ಅಂತ ಬರೆದ್ರೆ ನಡೆಯುತ್ತಾ ಅಂತ. ಎರಡನೇದನ್ನ ಮೊದಲು ಹೇಳಿಬಿಡ್ತೀನಿ, ನಡೆಯಲ್ಲ. ಎಕ್ಸ್‌ಪೆಕ್ಟ್ ಆದ್ಮೇಲೆ ಇಂಥವರು ಇಂಥದ್ದು ಮಾಡ್ಲಿ ಅಂತ "ಟು" ಹಾಕಿ ಸೇರಿಸಬಹುದು, ಆಂಟಿಸಿಪೇಟ್‌ಗೆ ಆ "ಟು" ಒಗ್ಗಲ್ಲ. ಅದರ ಮುಂದೆ ನೇರವಾಗಿ ನಾಮಪದ ಬರಬೇಕು, "ವಿ ಆಂಟಿಸಿಪೇಟ್ ಎ ಡಿಲೇ", ಇಲ್ಲಾ ಐಎನ್‌ಜಿ ರೂಪ, "ವಿ ಡೋಂಟ್ ಆಂಟಿಸಿಪೇಟ್ ಹ್ಯಾವಿಂಗ್ ಎನಿ ಪ್ರಾಬ್ಲಮ್", ಇಲ್ಲಾಂದ್ರೆ "ದಟ್" ಹಾಕಿ ಒಂದು ಪೂರ್ತಿ ವಾಕ್ಯ. ಹಾಗಂತ ಮ್ಯಾನೇಜರ್‌ಗೆ "ಐ ಎಕ್ಸ್‌ಪೆಕ್ಟ್ ಯು ಟು ರಿಪ್ಲೈ" ಅಂತಾನೂ ಬರೀಬೇಡಿ, ಗ್ರಾಮರ್ ಸರಿ ಇದೆ ಆದ್ರೆ ಧಾಟಿ ಕೆಟ್ಟದು. ಒಬ್ಬ ವ್ಯಕ್ತಿ ಬಗ್ಗೆ ಹೀಗೆ ಹೇಳಿದ್ರೆ ಅದರಲ್ಲಿ "ಮಾಡ್ಲೇಬೇಕು, ಅದು ನಿಮ್ಮ ಕರ್ತವ್ಯ" ಅನ್ನೋ ಅಧಿಕಾರದ ದನಿ ಬಂದುಬಿಡುತ್ತೆ, ಮೇಷ್ಟ್ರು ಹುಡುಗರಿಗೆ ಹೋಂವರ್ಕ್ ಕೇಳಿದ ಹಾಗೆ. "ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು" ಅಂತ ಬರೀರಿ, ಅಲ್ಲಿ ಹಿಯರ್ ಅಲ್ಲ, ಹಿಯರಿಂಗ್.

ಈಗ ಅರ್ಥಕ್ಕೆ ಬರೋಣ. ಡಿಕ್ಷನರಿ ತೆಗೆದ್ರೆ ಎರಡಕ್ಕೂ "ನಿರೀಕ್ಷಿಸು" ಅಂತ ಕೊಟ್ಟಿರ್ತಾರೆ, ಗೊಂದಲ ಶುರುವಾಗೋದೇ ಅಲ್ಲಿಂದ. ಎಕ್ಸ್‌ಪೆಕ್ಟ್ ಬಂದಿರೋದು ಲ್ಯಾಟಿನ್‌ನಲ್ಲಿ ನೋಡು ಅನ್ನೋ ಅರ್ಥದ ಪದದಿಂದ. ನಮ್ಮ ನಿರೀಕ್ಷೆಯಲ್ಲೂ "ಈಕ್ಷ್" ಅಂದ್ರೆ ನೋಡು ಅಂತಾನೇ, ಹಾಗಾಗಿ ಇವೆರಡೂ ಸರಿಯಾದ ಜೋಡಿ. ಆಂಟಿಸಿಪೇಟ್ ಬಂದಿರೋದು "ಆಂಟೆ", ಅಂದ್ರೆ ಮುಂಚೆ, ಮತ್ತೆ "ಕಪೆರೆ", ಅಂದ್ರೆ ಹಿಡಿ, ತಗೋ ಅನ್ನೋದರಿಂದ. ಒಂದು ಕಣ್ಣಿನ ಕೆಲಸ, ಇನ್ನೊಂದು ಕೈ ಕೆಲಸ. ಮುಂದೆ ಏನೋ ಆಗುತ್ತೆ ಅಂತ ಅಂದ್ಕೊಂಡು ಸುಮ್ಮನೆ ಕೂತ್ರೆ ಎಕ್ಸ್‌ಪೆಕ್ಟ್, ಅದು ಆಗೋ ಮುಂಚೆ ಅದಕ್ಕೆ ಬೇಕಾದ್ದು ಮಾಡಿ ಮುಗಿಸಿದ್ರೆ ಆಂಟಿಸಿಪೇಟ್.

ಕೆಆರ್‌ಎಸ್ ಡ್ಯಾಮ್ ತಗೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ಜುಲೈನಲ್ಲಿ ಕೊಡಗಿನ ಕಡೆ ಜೋರು ಮಳೆ ಇದೆ, ಡ್ಯಾಮ್ ತುಂಬುತ್ತಾ ಬಂದಿದೆ ಅನ್ನಿ. ಒಳಹರಿವು ಹೆಚ್ಚಾಗುತ್ತೆ ಅಂತ ಮಂಡ್ಯದಲ್ಲಿ ಎಲ್ಲರೂ ಅಂದ್ಕೊಂಡಿರ್ತಾರೆ, ಅದು ಎಕ್ಸ್‌ಪೆಕ್ಟ್. ಇಂಜಿನಿಯರ್‌ಗಳು ಆ ನೀರು ಬಂದು ಸೇರೋಕೆ ಮುಂಚೆನೇ ಗೇಟ್ ಎತ್ತಿ ಒಂದಷ್ಟು ಹೊರಗೆ ಬಿಟ್ಟು, ನದಿ ಪಾತ್ರದ ಊರುಗಳಿಗೆ ಎಚ್ಚರಿಕೆ ಕೊಟ್ಟು, ಒಳಗೆ ಜಾಗ ಮಾಡ್ಕೋತಾರಲ್ಲ, ಅದು ಆಂಟಿಸಿಪೇಟ್. ಇಂಗ್ಲಿಷ್ ಪೇಪರ್‌ನಲ್ಲಿ "ಇನ್ ಆಂಟಿಸಿಪೇಶನ್ ಆಫ್ ಹೆವಿ ಇನ್‌ಫ್ಲೋ" ಅಂತ ಕಂಡ್ರೆ ಮುಂದೆ ಏನೋ ಒಂದು ಕೆಲಸ ಮಾಡಿದ್ರು ಅಂತ ಬಂದೇ ಬರುತ್ತೆ, ಗಮನಿಸಿ ನೋಡಿ.

ಕ್ರಿಕೆಟ್‌ನಲ್ಲೂ ಕೀಪರ್‌ಗಳನ್ನ, ಸ್ಲಿಪ್ ಫೀಲ್ಡರ್‌ಗಳನ್ನ ಹೊಗಳುವಾಗ ಆಂಟಿಸಿಪೇಶನ್ ಅಂತಾರೆ. ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಮೀಡಿಯಂ ಪೇಸ್ ಹತ್ತಿರದ ವೇಗದಲ್ಲಿ ಗೂಗ್ಲಿ ಹಾಕ್ತಿದ್ರು, ಅದಕ್ಕೆ ಕೀಪಿಂಗ್ ಮಾಡ್ತಿದ್ದ ಕಿರ್ಮಾನಿ ಬಾಲ್ ಪಿಚ್ ಆಗಿ ತಿರುಗಿದ್ಮೇಲೆ ಕೈ ಹಾಕ್ತೀನಿ ಅಂದ್ರೆ ಆಗ್ತಿರಲಿಲ್ಲ, ಬೌಲರ್ ಕೈ ನೋಡ್ಕೊಂಡೇ ಸಿದ್ಧ ಆಗಬೇಕಿತ್ತು.

ನಾನು ಲಾಯರ್ ಆಫೀಸಲ್ಲಿ ಕಾಗದಪತ್ರ ಅನುವಾದ ಮಾಡೋ ಕೆಲಸದಲ್ಲಿರೋದು, ಹಾಗಾಗಿ ನನಗೆ ಈ ಪದ ಪ್ರತಿದಿನ ಎದುರಾಗೋದು "ಆಂಟಿಸಿಪೇಟರಿ ಬೇಲ್" ರೂಪದಲ್ಲಿ. ಕನ್ನಡದಲ್ಲಿ ನಿರೀಕ್ಷಣಾ ಜಾಮೀನು. ಹಳೇ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ ಇದಕ್ಕೆ ಸೆಕ್ಷನ್ನೇ ಇರಲಿಲ್ಲ, ಕಾನೂನು ಆಯೋಗ 1969ರಲ್ಲಿ ತನ್ನ 41ನೇ ವರದಿಯಲ್ಲಿ ಶಿಫಾರಸು ಮಾಡಿದ್ಮೇಲೆ 1973ರ ಕೋಡ್‌ನಲ್ಲಿ ಸೆಕ್ಷನ್ 438 ಆಗಿ ಬಂತು, ಈಗ 2024 ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 482. ಬಂಧನ ಇನ್ನೂ ಆಗಿಲ್ಲ, ಎಷ್ಟೋ ಸಲ ಎಫ್‌ಐಆರ್ ಕೂಡ ಆಗಿರಲ್ಲ, ಅಷ್ಟರಲ್ಲೇ ಕೋರ್ಟಿಗೆ ಹೋಗಿ "ಬಂಧಿಸಿದ್ರೆ ಜಾಮೀನಿನ ಮೇಲೆ ಬಿಡಬೇಕು" ಅಂತ ಆದೇಶ ತಗೊಂಡಿರೋದು. ಮುಂಚೆನೇ ತಗೊಳ್ಳೋದು ಅನ್ನೋ ಆ ಲ್ಯಾಟಿನ್ ಅರ್ಥ ಅಕ್ಷರಶಃ ಇಲ್ಲಿ ಕೂತಿದೆ. 1980ರಲ್ಲಿ ಗುರ್‌ಬಕ್ಷ್ ಸಿಂಗ್ ಸಿಬ್ಬಿಯಾ ಕೇಸಲ್ಲಿ ಸುಪ್ರೀಂ ಕೋರ್ಟು ಬರೀ ಭಯ ಇದ್ರೆ ಸಾಲದು, ಬಂಧನ ಆಗಬಹುದು ಅಂತ ನಂಬೋಕೆ ಕಾರಣ ಇರಬೇಕು ಅಂತ ಹೇಳ್ತು. ಆಂಟಿಸಿಪೇಟ್ ಪದಕ್ಕೂ ಇದು ಒಪ್ಪುತ್ತೆ, ಕೈಯಲ್ಲಿ ಏನೂ ಸುಳಿವಿಲ್ಲದೆ ಮಾಡೋ ಊಹೆಗೆ ಗೆಸ್ ಅನ್ನೋದೇ ಸರಿ.

ಇದರ ಜೊತೆ ಇನ್ನೊಂದು ವಿಷಯ ನೋಡಿ. ನಮ್ಮ "ನಿರೀಕ್ಷೆ"ಯಲ್ಲಿ ಒಂದು ಆಸೆ ಸೇರ್ಕೊಂಡಿದೆ, ಒಳ್ಳೇದು ಬರಲಿ ಅಂತ. ಇಂಗ್ಲಿಷ್ ಎಕ್ಸ್‌ಪೆಕ್ಟ್‌ಗೆ ಒಳ್ಳೇದು ಕೆಟ್ಟದ್ದು ಎರಡೂ ಒಂದೇ. ಅದಕ್ಕೇ "ಡೆತ್ ಟೋಲ್ ಈಸ್ ಎಕ್ಸ್‌ಪೆಕ್ಟೆಡ್ ಟು ರೈಸ್" ಅನ್ನೋದನ್ನ "ಸಾವಿನ ಸಂಖ್ಯೆ ಹೆಚ್ಚುವ ನಿರೀಕ್ಷೆ ಇದೆ" ಅಂತ ಬರೆದಾಗ ಕಿವಿಗೆ ಚುಚ್ಚುತ್ತೆ, ಯಾರೋ ಅದಕ್ಕೆ ಕಾದು ಕೂತಿದಾರೇನೋ ಅನ್ಸುತ್ತೆ. ಅಲ್ಲಿ "ಸಾಧ್ಯತೆ" ಅಥವಾ "ಆತಂಕ" ಅಂತ ಬರೀಬೇಕು, ದಯವಿಟ್ಟು ನ್ಯೂಸ್ ಬರೆಯೋರು ಇದನ್ನ ಗಮನಿಸಿ. ನಿರೀಕ್ಷಣಾ ಜಾಮೀನು ಅನ್ನೋ ಪದವೂ ಮೊದಲ ಸಲ ಕೇಳೋರಿಗೆ ವಿಚಿತ್ರ ಅನ್ಸೋದು ಇದಕ್ಕೇ, ಆದ್ರೆ ಅದು ಬಳಕೆಯಲ್ಲಿ ನಿಂತಾಗಿದೆ, ಈಗ ಬದಲಾಯಿಸೋದು ಬೇಡ.

ಆಂಟಿಸಿಪೇಟ್‌ಗೆ ಇನ್ನೊಂದು ಅರ್ಥ ಇದೆ, ಅದು ಗೊತ್ತಿಲ್ದೆ ಓದಿದ್ರೆ ಪೂರ್ತಿ ದಾರಿ ತಪ್ಪುತ್ತೆ. "ಮಾಧವ ಆಂಟಿಸಿಪೇಟೆಡ್ ಲೈಬ್ನಿಟ್ಸ್" ಅಂತ ಗಣಿತದ ಇತಿಹಾಸದಲ್ಲಿ ಓದಿದ್ರೆ, ಕೇರಳದ ಗಣಿತಜ್ಞ ಮಾಧವ, ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಬರ್ತಾನೆ ಅಂತ ಕಾಯ್ತಿದ್ದ ಅಂತಲ್ಲ. ಪೈ ಬೆಲೆ ಕಂಡುಹಿಡಿಯೋ ಸರಣಿಯನ್ನ ಲೈಬ್ನಿಟ್ಸ್‌ಗಿಂತ ಎರಡೂವರೆ ಶತಮಾನಕ್ಕೂ ಮುಂಚೆನೇ ಕಂಡ್ಕೊಂಡಿದ್ದ ಅಂತ ಅರ್ಥ. ಇಲ್ಲಿ ಕಾಯೋದೂ ಇಲ್ಲ, ತಯಾರಿನೂ ಇಲ್ಲ, ಬರೀ "ಮುಂಚೆ" ಅನ್ನೋದಷ್ಟೇ ಉಳಿದಿದೆ.

ಇನ್ನು ಬದಲಾಯಿಸಲೇಬಾರದ ಜಾಗಗಳು. "ಶಿ ಈಸ್ ಎಕ್ಸ್‌ಪೆಕ್ಟಿಂಗ್" ಅಂದ್ರೆ ಗರ್ಭಿಣಿ, ಅಲ್ಲಿ ಆಂಟಿಸಿಪೇಟಿಂಗ್ ಹಾಕಿದ್ರೆ ಯಾರಿಗೂ ಅರ್ಥ ಆಗಲ್ಲ. ಇಂಟರ್‌ವ್ಯೂ ಫಾರ್ಮ್‌ನಲ್ಲಿ ಎಕ್ಸ್‌ಪೆಕ್ಟೆಡ್ ಸ್ಯಾಲರಿ ಅಂತಾನೇ ಇರಲಿ. "ಐ ಎಕ್ಸ್‌ಪೆಕ್ಟ್ ಸೋ" ಅಂದ್ರೆ ಹಾಗೇ ಇರಬೇಕು ಅಂತ, ಅದಕ್ಕೂ ಆಂಟಿಸಿಪೇಟ್ ಬರಲ್ಲ.

ಕೆಲವು ಇಂಗ್ಲಿಷ್ ಪಂಡಿತರು ಆಂಟಿಸಿಪೇಟ್‌ನ ಎಕ್ಸ್‌ಪೆಕ್ಟ್ ಅರ್ಥದಲ್ಲಿ ಬಳಸೋದೇ ತಪ್ಪು ಅಂತ ಹಟ ಹಿಡೀತಾರೆ. ನಾನು ಅಷ್ಟು ದೂರ ಹೋಗಲ್ಲ, ಬಹಳ ಕಾಲದಿಂದ ಜನ ಹಾಗೆ ಬಳಸ್ತಿದಾರೆ, ದೊಡ್ಡ ಡಿಕ್ಷನರಿಗಳೂ ಆ ಅರ್ಥ ಕೊಡ್ತವೆ. ಆದ್ರೆ ನೀವು ಈಗ ಕಲೀತಿರೋರು, ಏನಾದ್ರೂ ತಯಾರಿ ಮಾಡಿದ ಕಡೆ ಮಾತ್ರ ಆಂಟಿಸಿಪೇಟ್ ಹಾಕಿ, ಉಳಿದ ಕಡೆ ಎಕ್ಸ್‌ಪೆಕ್ಟ್ ಸಾಕು. ಹೇಳುವಾಗ ಒತ್ತು ಎರಡನೇ ಅಕ್ಷರದ ಮೇಲೆ, ಆನ್-ಟಿಸ್-ಇ-ಪೇಟ್, ಆ "ಟಿಸ್" ಜೋರಾಗಿ ಬರಬೇಕು.